ಮೂರು ಬೋರ್ಡು, ಒಬ್ಬರೇ ಡಾಕ್ಟರು

ಮುಖ್ಯ ಸಂಗತಿಯನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತೇನೆ: ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ಊರಿಗೆ ಸೇರಿ ಇರುವುದು ಒಬ್ಬರೇ ಒಬ್ಬರು ಚೀನೀ ಮೂಲದವರು, ಅವರು ಹಲ್ಲಿನ ಡಾಕ್ಟರು. ಇದನ್ನು ಕೊನೆಯಲ್ಲಿ ಹೇಳಿದರೆ ಓದಲು ಚೆನ್ನಾಗಿರುತ್ತದೆ ಎಂದು ಒಂದು ಕಾಲಕ್ಕೆ ನಂಬಿದ್ದೆ. ಆ ನಂಬಿಕೆಯ ಫಲವನ್ನು ನೋಡಲು ಮಲೇಷ್ಯಾದ ತನಕ ಹೋಗಬೇಕಾಯಿತು.

ಡಾಕ್ಟರ ಹೆಸರು ಚೆನ್. ಅವರ ಅಜ್ಜ ಕಲ್ಕತ್ತೆಯಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಗೋಕಾಕಕ್ಕೆ, ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರವೊಂದನ್ನು ಹೊತ್ತುಕೊಂಡು ಬಂದವರು. ಮೊಮ್ಮಗನನ್ನು ಊರು ಚನ್ನಪ್ಪ ಡಾಕ್ಟರ್ ಎಂದು ಕರೆಯುತ್ತದೆ. ವಯಸ್ಸು ಅರವತ್ತು ದಾಟಿದೆ. ಹೆಂಡತಿ ಹುಬ್ಬಳ್ಳಿ ಕಡೆಯ ಕನ್ನಡದವರು, ಮಗಳು ನಿಡಸೋಸಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಡಾಕ್ಟರು ವಾರದ ಹೆಚ್ಚು ದಿನ ಗೋಕಾಕದಲ್ಲಿ ಕೂಡುತ್ತಾರೆ. ಒಂದು ದಿನ ಮೂಡಲಗಿಯಲ್ಲಿ, ಒಂದು ದಿನ ಹುಕ್ಕೇರಿಯಲ್ಲಿ, ಬಾಡಿಗೆಗೆ ಹಿಡಿದ ಒಂದೊಂದು ಕೋಣೆಯಲ್ಲಿ. ಮೂರೂ ಕಡೆ ಒಂದೇ ಬಣ್ಣದ ಬೋರ್ಡು: ಚೀನೀ ಹಲ್ಲಿನ ದವಾಖಾನೆ. ಉಳಿದ ದಿನ ಆ ಎರಡು ಕೋಣೆಗಳಿಗೆ ಬೀಗ. ನಮ್ಮ ಕಡೆ ಇದರಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ಕಣ್ಣಿನ ಡಾಕ್ಟರು, ವಾಚು ರಿಪೇರಿಯವರು, ಎಲ್ಲರೂ ಸಂತೆ ದಿನ ನೋಡಿಕೊಂಡು ಊರು ಸುತ್ತುವವರೇ.

ನಾನು ಗೋಕಾಕದಲ್ಲಿ ಪತ್ರಿಕೆಯೊಂದರ ವರದಿಗಾರ. ಮೂರು ವರ್ಷಗಳ ಹಿಂದೆ ಈ ಡಾಕ್ಟರ ಬಗ್ಗೆ ಅರ್ಧ ಪುಟ ಬರೆದಿದ್ದೆ, ಮೂರು ಫೋಟೊ ಸಮೇತ. ಆಮೇಲೆ ಮರೆತಿದ್ದೆ.

ಮಲೇಷ್ಯಾಕ್ಕೆ ಹೋದ ನಮ್ಮ ಮೂವರಲ್ಲಿ ಮೂರನೆಯವರು ಪಾಸ್ಟರ್ ಸಮುವೇಲಪ್ಪ. ಗೋಕಾಕದಲ್ಲಿ ಇವರದೊಂದು ಸಣ್ಣ ಚರ್ಚು, ಅಂಕಲಗಿಯಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ವಾರದ ಪ್ರಾರ್ಥನೆ. ಬಹಳ ಒಳ್ಳೆಯ ಮನುಷ್ಯ. ಯಾರಿಗೂ ಯಾವುದಕ್ಕೂ ಇಲ್ಲ ಎಂದು ಹೇಳಿದವರಲ್ಲ. ಇಲ್ಲ ಎನ್ನಬೇಕಾದಲ್ಲಿ ‘ನೋಡೂಣ್ರಿ’ ಎನ್ನುತ್ತಾರೆ.

ಇವರ ಚರ್ಚಿಗೆ ಮಲೇಷ್ಯಾದ ಒಂದು ಚೀನೀ ಚರ್ಚಿನ ಜೊತೆ ಸಹಭಾಗಿತ್ವವಿದೆ. ಆ ಜನರ ಹಿರಿಯರು ದಕ್ಷಿಣ ಚೀನಾದಿಂದ ರಬ್ಬರ್ ತೋಟಕ್ಕೆ ಬಂದು ನೆಲೆಸಿದವರು. ಪರದೇಶಗಳಲ್ಲಿ ಚದುರಿಹೋದ ಚೀನೀಯರು ಎಲ್ಲೆಲ್ಲಿ ಇದ್ದಾರೋ ಅಲ್ಲಿಯ ಚರ್ಚೊಂದನ್ನು ಹುಡುಕಿ ಜೊತೆಗೂಡುವುದು, ಅಲ್ಲಿಗೆ ತಮ್ಮವರನ್ನೊಬ್ಬರನ್ನು ಸೇವೆಗೆ ಕಳಿಸುವುದು ಅವರು ಹಚ್ಚಿಕೊಂಡ ಕೆಲಸ. ಈ ಸಲ ಅವರ ಪತ್ರ ಬಂತು: ಬನ್ನಿ, ಜೊತೆಗೆ ನಿಮ್ಮ ಚೀನೀ ಸಮುದಾಯದ ಒಬ್ಬ ಪ್ರತಿನಿಧಿಯನ್ನೂ ಲೇಖನ ಬರೆದ ಪತ್ರಕರ್ತರನ್ನೂ ಕರೆತನ್ನಿ.

ಯಾವ ಲೇಖನ ಎಂದು ನಾನು ಕೇಳಲಿಲ್ಲ. ಯಾವ ಸಮುದಾಯ ಎಂದು ಪಾಸ್ಟರೂ ಕೇಳಲಿಲ್ಲ. ನಾನು ಆ ಚರ್ಚಿನವನೂ ಅಲ್ಲ. ಕರೆದರು, ಹೊರಟೆ.

ಎರಡು ವಿಮಾನ ನಿಲ್ದಾಣ

ಬೆಂಗಳೂರಿನ ಇಮಿಗ್ರೇಷನ್ ಕೌಂಟರಿನಲ್ಲಿ ಅಧಿಕಾರಿ ಡಾಕ್ಟರ ಮುಖ ನೋಡಿದರು, ಪಾಸ್‌ಪೋರ್ಟ್ ನೋಡಿದರು, ಮತ್ತೆ ಮುಖ ನೋಡಿದರು. ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಗೋಕಾಕ್ರಿ” ಎಂದರು ಡಾಕ್ಟರು.

“ಅಲ್ಲ, ಮೂಲ?”

“ನಮ್ಮಪ್ಪ ಹುಟ್ಟಿದ್ದೂ ಅಲ್ಲೇರಿ. ಫಾಲ್ಸ್ ನೋಡಾಕ ಬಂದಿರೇನು ಯಾವಾಗರೆ? ಬಂದ್ರ ಮನಿಗಿ ಬರ್ರಿ.”

ಅಧಿಕಾರಿಗೆ ಖುಷಿಯಾಯಿತು. ಪಕ್ಕದ ಕೌಂಟರಿನವರನ್ನು ಕರೆದು, ಇನ್ನೊಂದು ಸಲ ಮಾತಾಡಿ ಎಂದರು. ಡಾಕ್ಟರು ಮಾತಾಡಿದರು. ಮತ್ತಿಬ್ಬರು ಬಂದರು. ನಮ್ಮ ಹಿಂದೆ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಕ್ವಾಲಾಲಂಪುರದಲ್ಲಿ ಉಲ್ಟಾ. ಕೌಂಟರಿನ ಹುಡುಗಿ ನೇರವಾಗಿ ಚೀನೀ ಭಾಷೆಯಲ್ಲಿ ಶುರು ಮಾಡಿದಳು. ಡಾಕ್ಟರು ತಮಗೆ ಬರುವ ಇಂಗ್ಲಿಷಿನಲ್ಲಿ ಇಲ್ಲ ಎಂದರು. ಅವಳು ಬೇರೆ ಬಗೆಯ ಚೀನೀ ಪ್ರಯತ್ನಿಸಿದಳು. ಅದೂ ಇಲ್ಲ. ಕೊನೆಗೆ ಮೇಲಧಿಕಾರಿ ಬಂದು ನಮ್ಮ ಮೂವರನ್ನೂ ಬದಿಗೆ ಕೂರಿಸಿದರು. ಬೆಂಗಳೂರಿನಲ್ಲಿ ಕನ್ನಡ ಬರುತ್ತದೆ ಎಂದು ತಡೆದರು, ಇಲ್ಲಿ ಚೀನೀ ಬರುವುದಿಲ್ಲ ಎಂದು ತಡೆದರು.

ಪಾಸ್ಟರ ಚೀಲದಲ್ಲಿ ಐದು ಕಿಲೊ ಕರದಂಟು ಇತ್ತು. ಅದನ್ನೂ ಬಿಚ್ಚಿಸಿದರು. ಅಂಟು, ಬೆಲ್ಲ, ಒಣಹಣ್ಣು ಎಂದು ನಾನು ವಿವರಿಸಿದೆ. ಅಧಿಕಾರಿ ಒಂದು ತುಂಡನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ತಗ್ಗಲಿಲ್ಲ.

“ಇದು ಇರೂತನಾ ನನಗ ಕೆಲಸ ಐತಿ” ಎಂದರು ಡಾಕ್ಟರು ನನ್ನ ಕಿವಿಯಲ್ಲಿ. “ಗೋಕಾಕದಾಗ ಅರ್ಧಾ ಹಲ್ಲು ಇದರಿಂದನ ಬರ್ತಾವು.”

ಅಂಗಡಿ ಸಾಲು

ನಾವು ಹೋದ ಊರಿನ ಹೆಸರು ಬರೆಯುವುದಿಲ್ಲ. ಆ ಜನರ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದು.

ಊರಿನ ತುಂಬ ಎರಡಂತಸ್ತಿನ ಅಂಗಡಿಗಳ ಸಾಲು, ಕೆಳಗೆ ವ್ಯಾಪಾರ, ಮೇಲೆ ಮನೆ. ನಮ್ಮ ಆತಿಥೇಯರಾದ ಲಿಮ್ ಅವರದು ಮೊಳೆ, ಸರಪಳಿ, ನಲ್ಲಿ ಮಾರುವ ಅಂಗಡಿ. ಚರ್ಚಿನ ಹಿರಿಯರಲ್ಲಿ ಒಬ್ಬರು, ಹೊರದೇಶದ ಸೇವಾ ಸಮಿತಿಗೆ ಅಧ್ಯಕ್ಷರು. ಎಪ್ಪತ್ತರ ಆಸುಪಾಸು, ಇಂಗ್ಲಿಷ್ ಹೆಚ್ಚು ಬಾರದು. ಅವರ ಮಾತನ್ನು ಇಂಗ್ಲಿಷಿಗೆ ತರುತ್ತಿದ್ದವರು ಮೇ ಲಿಂಗ್ ಎಂಬ ಮೂವತ್ತೆರಡು ವರ್ಷದ ಶಾಲಾ ಶಿಕ್ಷಕಿ. ಹೀಗಾಗಿ ಡಾಕ್ಟರು ಲಿಮ್ ಅವರಿಗೆ ನೀರು ಕೇಳಬೇಕಾದರೆ ಅದು ಕನ್ನಡದಿಂದ ನನ್ನ ಮೂಲಕ ಇಂಗ್ಲಿಷಿಗೆ, ಮೇ ಲಿಂಗ್ ಮೂಲಕ ಚೀನೀಗೆ ಹೋಗಬೇಕು. ಪ್ರತಿಸಲವೂ ಲಿಮ್ ಮೊದಲು ಡಾಕ್ಟರ ಕಡೆಗೆ ತಿರುಗಿ ಚೀನೀಯಲ್ಲೇ ಮಾತಾಡುತ್ತಿದ್ದರು. ನಾವಿದ್ದಷ್ಟು ದಿನವೂ ಅದು ತಪ್ಪಲಿಲ್ಲ.

“ಇಲ್ಲಿ ಒಂದು ಬೋರ್ಡು ಎಂದರೆ ಒಂದು ಮನೆತನ” ಎಂದು ಮೇ ಲಿಂಗ್ ಬೀದಿಯಲ್ಲಿ ನಡೆಯುತ್ತ ಹೇಳಿದರು. “ಬೋರ್ಡು ಎಣಿಸಿದರೆ ಎಷ್ಟು ಕುಟುಂಬ ಎಂದು ಗೊತ್ತಾಗುತ್ತದೆ.”

ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಆ ಹೊತ್ತಿಗೆ ತಲೆ ಓಡಲಿಲ್ಲ.

ಊಟದ ವಿಷಯ ಚುಟುಕಾಗಿ. ನಾನು ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿದ್ದೆ. ಅವರು ನನಗಾಗಿ ಸೋಯಾದಿಂದ ಬಾತುಕೋಳಿ ಮಾಡಿಸಿದ್ದರು. ಚರ್ಮದ ಮೇಲಿನ ಚುಕ್ಕೆಗಳನ್ನೂ ಬಿಟ್ಟಿರಲಿಲ್ಲ. ಮರುದಿನ ಸೋಯಾದ ಮೀನು, ರಾತ್ರಿ ಸೋಯಾದ ಸೀಗಡಿ. ಬರೀ ಸೊಪ್ಪು ಸಾಕೆಂದೆ, ಅದನ್ನಷ್ಟೇ ಬಡಿಸಿದರೆ ಅತಿಥಿಗೆ ಅವಮಾನವಾಗುತ್ತದೆಯಂತೆ. ಡಾಕ್ಟರು ನಿಜವಾದ ಬಾತುಕೋಳಿ ತಿನ್ನುತ್ತ, “ನಿಮ್ಮದು ಖರೆ ಅನಸಾಕತ್ತೇತಿ, ನನ್ನದ ಸುಳ್ಳು ಅನಸಾಕತ್ತೇತಿ” ಎಂದರು.

ಸಭಾಂಗಣದ ಗೋಡೆ

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಸಭೆ. ನಮ್ಮ ಕಡೆ ಒಂಬತ್ತರ ಕಾರ್ಯಕ್ರಮಕ್ಕೆ ಹತ್ತೂವರೆಗೆ ಮೈಕು ಕಟ್ಟುತ್ತಾರೆ. ಅಲ್ಲಿ ಎಂಟೂ ಐವತ್ತಕ್ಕೆ ಹೋದ ನಾವೇ ಕೊನೆಯವರು.

ಚರ್ಚಿನ ಹಿಂದಿನ ಹಾಲಿನಲ್ಲಿ ಗೋಡೆಯ ತುಂಬ ಜಗತ್ತಿನ ನಕಾಶೆ. ಪೆರು, ಮಾರಿಷಸ್, ದಕ್ಷಿಣ ಆಫ್ರಿಕಾ, ಎಲ್ಲ ಕಡೆ ಕೆಂಪು ಪಿನ್ನು. ಅದರ ಪಕ್ಕ ನಮ್ಮ ಜಿಲ್ಲೆಯನ್ನಷ್ಟೇ ದೊಡ್ಡದಾಗಿ ಮಾಡಿದ ಇನ್ನೊಂದು ನಕಾಶೆ. ಅದರ ಮೇಲೆ ಮೂರು ಕೆಂಪು ಪಿನ್ನು: ಗೋಕಾಕ, ಮೂಡಲಗಿ, ಹುಕ್ಕೇರಿ.

ಅದರ ಕೆಳಗೆ, ಗಾಜಿನ ಚೌಕಟ್ಟಿನಲ್ಲಿ, ನನ್ನ ಲೇಖನ. ಬದಿಗೆ ಅದರ ಚೀನೀ ಅನುವಾದ.

ಮೂರು ಫೋಟೊಗಳನ್ನು ನೋಡಿದೆ. ಗೋಕಾಕದಲ್ಲಿ ಬಿಳಿ ಕೋಟು ಹಾಕಿದ ಡಾಕ್ಟರು. ಮೂಡಲಗಿಯಲ್ಲಿ ಚಳಿಗೆ ಸ್ವೆಟರು, ಕಿವಿ ಮುಚ್ಚುವ ಟೋಪಿ. ಹುಕ್ಕೇರಿಯಲ್ಲಿ ರೋಗಿಯ ಬಾಯಿಗೆ ಬಾಗಿದ ಬೆನ್ನು ಮಾತ್ರ. ಮೂರರ ಮೇಲೂ ಸ್ಪಷ್ಟವಾಗಿ ಓದುವಂತೆ ಬೋರ್ಡು. ಲೇಖನದಲ್ಲಿ ಮೂರು ಊರಿನ ಮೂರು ದವಾಖಾನೆಗಳ ವರ್ಣನೆ. ಮೂರೂ ಕಡೆ ಕೂರುವವರು ಒಬ್ಬರೇ ಎಂಬ ಮಾತು ಎಲ್ಲೂ ಇಲ್ಲ.

ಇತ್ತು. ನಾನು ಬರೆದಿದ್ದೆ. ಕೊನೆಯ ಎರಡು ಪ್ಯಾರಾದಲ್ಲಿ ಅದನ್ನು ಬಿಚ್ಚಿಡುವಂತೆ ಬರೆದಿದ್ದೆ. ಆ ದಿನ ಜಾಹೀರಾತು ಬಂದು ಜಾಗ ಸಾಲದೆ ಉಪಸಂಪಾದಕರು ಬುಡದಿಂದ ಎರಡು ಪ್ಯಾರಾ ಕತ್ತರಿಸಿದರು. ಅದು ಅವರ ಹಕ್ಕು. ಮುಖ್ಯ ಸಂಗತಿ ಮೇಲೆ ಇರಬೇಕು, ಕತ್ತರಿ ಕೆಳಗಿನಿಂದ ಬೀಳುತ್ತದೆ ಎಂಬುದು ಈ ವೃತ್ತಿಯಲ್ಲಿ ಮೊದಲ ವಾರ ಕಲಿಸುವ ಪಾಠ. ಅವತ್ತು ಫೋನಿನಲ್ಲಿ ಜಗಳಾಡಿದೆ. ಊರಿಗೆಲ್ಲ ಗೊತ್ತಿರುವ ಸಂಗತಿಗೆ ತಿದ್ದುಪಡಿ ಯಾಕೆ ಎಂದು ಸುಮ್ಮನಾದೆ.

“ಪಾಸ್ಟರ್ರ, ಇದು ಇಲ್ಲಿಗೆ ಹ್ಯಾಂಗ ಬಂತು?”

“ಅವರ ಫಾರ್ಮಿನ್ಯಾಗ ಒಂದು ಕಾಲಂ ಇತ್ರಿ, ಚೀನೀ ಕುಟುಂಬ ಎಷ್ಟು ಅಂತ. ಬರಿಯೂಕಿಂತ ನಿಮ್ಮ ಲೇಖನಾನ ಹಚ್ಚಿಬಿಟ್ಟೆ. ಎಲ್ಲಾ ಅದರಾಗ ಬರತೈತಿ ಅಂತ.”

“ನೀವು ಓದಿದ್ರೇನು?”

“ಫೋಟೊ ನೋಡಿದ್ನಿ. ಚಲೋ ಬಂದಿದ್ವು.”

ಅಷ್ಟರಲ್ಲಿ ಲಿಮ್ ಎದ್ದು ನಿಂತು ಮಾತು ಶುರು ಮಾಡಿದರು. ಮೇ ಲಿಂಗ್ ತಮ್ಮ ಬಗ್ಗೆ ತಾವೇ ಅನುವಾದ ಮಾಡುತ್ತಿದ್ದರು: “ಭಾನುವಾರದ ಆರಾಧನೆಯಲ್ಲಿ ನಮ್ಮ ಮೇ ಲಿಂಗ್ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಅವರನ್ನು ಸೇವೆಗೆ ಒಪ್ಪಿಸುತ್ತೇವೆ. ಅವರು ಮೂರು ವರ್ಷಕ್ಕೆ ನಿಮ್ಮ ಊರಿಗೆ ಬರುತ್ತಾರೆ. ಮೂರೂ ಊರಿನ ಚೀನೀ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ, ಹಿರಿಯರಿಗೆ ಬೈಬಲ್ ಓದುತ್ತಾರೆ. ಶಾಲೆಯ ಕೆಲಸ ಬಿಟ್ಟಾಗಿದೆ.”

ಮೇ ಲಿಂಗ್ ಅವರ ಪೆಟ್ಟಿಗೆ ಹಾಲಿನ ಮೂಲೆಯಲ್ಲೇ ಇತ್ತು. ಮೇಲೆ ಕನ್ನಡದಲ್ಲಿ, ನೋಡಿ ನೋಡಿ ಬರೆದ ಅಕ್ಷರಗಳಲ್ಲಿ, ‘ಗೋಕಾಕ’ ಎಂದಿತ್ತು.

ಅವತ್ತು ಐದು ಸಲ ಕೈ ಎತ್ತಿದೆ. ಪ್ರಶ್ನೆಗಳಿಗೆ ಭಾನುವಾರ ಊಟದ ನಂತರ ಸಮಯವಿದೆ ಎಂದು ಛಾಪಿಸಿದ ಕಾಗದವನ್ನು ಪ್ರತಿಸಲವೂ ತೋರಿಸಿದರು. ಪ್ರಶ್ನೆಯಲ್ಲ, ಒಂದು ಮಾಹಿತಿ ಎಂದೆ. ಮಾಹಿತಿಗೂ ಅದೇ ಹೊತ್ತು. ನಡುನಡುವೆ ಗುಂಪು ಫೋಟೊ. ಹದಿನಾಲ್ಕು ಎಣಿಸಿ ಬಿಟ್ಟೆ. ಅನುವಾದಿಸಬೇಕಾದವರು ಮೇ ಲಿಂಗ್ ಅವರೇ ಆದ್ದರಿಂದ ನೇರವಾಗಿ ಹೇಳಲಾಗದೆ, ವೀಸಾ ಸಿಗುವುದು ಸುಲಭವಲ್ಲ ಎಂದಷ್ಟೇ ಊಟದ ಹೊತ್ತಿಗೆ ಲಿಮ್ ಅವರಿಗೆ ಹೇಳಿ ನೋಡಿದೆ. ಅದಕ್ಕಾಗಿ ಪ್ರತಿ ಬುಧವಾರ ಪ್ರಾರ್ಥಿಸುತ್ತಿದ್ದೇವೆ ಎಂದರು.

ಸಂಜೆ ಪಾಸ್ಟರನ್ನು ಹಿಡಿದು ನಿಲ್ಲಿಸಿದೆ. “ಭಾನುವಾರದೊಳಗ ನೀವು ಹೇಳಬೇಕ್ರಿ.”

“ನೋಡೂಣ್ರಿ.”

“ನೋಡೂದೇನೈತಿ? ಆಕಿ ನೌಕರಿ ಬಿಟ್ಟಾಳ.”

“ಬರಲಿ ಬಿಡ್ರಿ. ಬಂದ ಮ್ಯಾಲ ತಾನ ತಿಳಿತೈತಿ. ನಮ್ಮ ಹುಡುಗೂರಿಗೆ ಇಂಗ್ಲಿಷರ ಕಲಿಸ್ತಾಳ. ಈಗ ಹೇಳಿದ್ರ ಇಷ್ಟು ಮಂದಿ ಮನಸಿಗೆ ಹ್ಯಾಂಗ ಆಗಬೇಕ್ರಿ?”

ಡಾಕ್ಟರು ಮಂಚದ ಮೇಲೆ ಕೂತು ನಮ್ಮಿಬ್ಬರ ಮಾತು ಕೇಳುತ್ತಿದ್ದರು. “ಸಮುದಾಯ ಅಂದ್ರ ನಾ ಒಬ್ಬಾವನ ಏನು? ಒಂದೂವರಿ ಅಂತ ಬರಕೋರಿ. ಮಗಳದಾಳಲ್ಲ” ಎಂದರು. ನನಗೆ ನಗು ಬರಲಿಲ್ಲ.

ಕರದಂಟು

ಶನಿವಾರ ಲಿಮ್ ಅವರ ಅಂಗಡಿಯಲ್ಲಿ ಚಹಾದ ಹೊತ್ತಿಗೆ ಪಾಸ್ಟರು ಕರದಂಟು ಹಂಚಿದರು. ಅಲ್ಲಿಯ ಜನ ಕೊಟ್ಟದ್ದನ್ನು ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ, ಕೊಟ್ಟವರ ಎದುರೇ ತಿನ್ನುತ್ತಾರೆ. ಲಿಮ್ ದೊಡ್ಡ ತುಂಡನ್ನು ಬಾಯಿಗೆ ಹಾಕಿದರು. ಎರಡು ಸಲ ಅಗಿದರು. ಮೂರನೆಯ ಸಲಕ್ಕೆ ದವಡೆ ನಿಂತಿತು. ಬಾಯಿಗೆ ಕರವಸ್ತ್ರ ಹಿಡಿದು ಹೊರಗೆ ಹೋದರು. ಅವರ ಮೇಲಿನ ಹಲ್ಲಿನ ಸೆಟ್ಟು ನಡುವೆ ಎರಡಾಗಿತ್ತು.

ಮರುದಿನ ಆರಾಧನೆಯಲ್ಲಿ ಅವರು ಮಾತಾಡಬೇಕು. ಊರಿನ ದಂತವೈದ್ಯರು ಸೋಮವಾರದ ತನಕ ಇಲ್ಲ. ಎಲ್ಲರೂ ಪಾಸ್ಟರ ಕಡೆ ನೋಡಿದರು, ಪಾಸ್ಟರು ನೆಲ ನೋಡಿದರು. ಆಗ ಡಾಕ್ಟರು ಎದ್ದರು. ಎಲ್ಲಿ ಹೋದರೂ ಬಿಡದ ಸಣ್ಣ ಚರ್ಮದ ಚೀಲ ತಂದು ಅಂಗಡಿಯ ಗಲ್ಲಾ ಮೇಜಿನ ಮೇಲೆ ಬಿಚ್ಚಿದರು. ಸೆಟ್ಟು ಬೆಸೆಯುವ ಗುಲಾಬಿ ಪುಡಿ, ವಾಸನೆಯ ದ್ರಾವಣ, ಉಜ್ಜುವ ಅರ. ಉಳಿದ ಸಲಕರಣೆಗೆ ಸುತ್ತಲೂ ಹಾರ್ಡ್‌ವೇರ್ ಅಂಗಡಿಯೇ ಇತ್ತು. ಮೂರು ದಿನದಲ್ಲಿ ಅವರು ಪ್ರತಿನಿಧಿಯಂತಲ್ಲ, ಡಾಕ್ಟರಂತೆ ಕಂಡದ್ದು ಆಗ ಮೊದಲ ಸಲ.

ಮುರಿದ ತುಂಡುಗಳನ್ನು ಜೋಡಿಸಿ ಹಿಡಿದು ಅರ ಆಡಿಸುತ್ತಿದ್ದಾಗ ಲಿಮ್ ಬೊಚ್ಚು ಬಾಯಿಯಲ್ಲೇ ಏನೋ ಕೇಳಿದರು. ಮೇ ಲಿಂಗ್ ಇಂಗ್ಲಿಷಿಗೆ ತಂದರು: “ಹುಕ್ಕೇರಿಯ ಡಾಕ್ಟರಿಗೂ ಇಷ್ಟು ಚೆನ್ನಾಗಿ ಬರುತ್ತದೆಯೇ ಎಂದು ಕೇಳುತ್ತಿದ್ದಾರೆ.”

ನಾನು ಕನ್ನಡಕ್ಕೆ ತಂದೆ. ಡಾಕ್ಟರು ಅರ ನಿಲ್ಲಿಸಲಿಲ್ಲ.

“ಹುಕ್ಕೇರಿಯಾಗ ಯಾರದಾರ? ಅಲ್ಲೀನೂ ನಾನ. ಮೂಡಲಗಿಯಾಗೂ ನಾನ. ನೀವ ಬರದೀರಲ್ರಿ ಪೇಪರಿನ್ಯಾಗ?”

ಪಾಸ್ಟರು ಕೆಮ್ಮಿದರು. ನಾನು ಮೇ ಲಿಂಗ್ ಅವರ ಮುಖ ನೋಡಿ, ಒಂದು ಪದವನ್ನೂ ಮೆತ್ತಗೆ ಮಾಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅದನ್ನು ಚೀನೀಗೆ ತರಲಿಲ್ಲ. ಲಿಮ್ ಕಾದರು. ಮೇ ಲಿಂಗ್ ಕೊನೆಗೆ ಏನೋ ಚಿಕ್ಕದಾಗಿ ಹೇಳಿದರು, ‘ಬರುತ್ತದಂತೆ’ ಎಂದಿರಬೇಕು. ಲಿಮ್ ತಲೆಯಾಡಿಸಿದರು.

ಸೆಟ್ಟು ಸರಿಯಾಗಿ, ಲಿಮ್ ಮೇಲಿನ ಮನೆಗೆ ಹೋದ ನಂತರ ಮೇ ಲಿಂಗ್ ನನ್ನನ್ನು ಅಂಗಡಿಯ ಮೆಟ್ಟಿಲ ಬಳಿ ನಿಲ್ಲಿಸಿದರು.

“ನೀವು ಪತ್ರಕರ್ತರು. ಸರಿಯಾದ ಸಂಖ್ಯೆ ಹೇಳಿ.”

“ಒಬ್ಬರು.”

“ಮಕ್ಕಳು?”

“ಒಬ್ಬ ಮಗಳು. ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ.”

ಅವರು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ಲಿಮ್ ಅವರಿಗೆ ನಾನು ಹೇಳುವಂತಿಲ್ಲ” ಎಂದರು. “ಸೇವೆಗೆ ಒಪ್ಪಿಸುವ ಹಿಂದಿನ ದಿನ ನಾನು ಹೇಳಿದರೆ ಹೋಗಲು ಹೆದರಿ ನೆಪ ತೆಗೆದಳು ಎನ್ನುತ್ತಾರೆ. ಪಾಸ್ಟರ್ ಹೇಳುವುದಿಲ್ಲ, ಅದು ಗೊತ್ತಾಯಿತು. ನೀವು ಬರೆದಿರಿ. ನೀವೇ ಹೇಳಿ. ನಾಳೆ ಸಾಕ್ಷಿ ಹೇಳಲು ನಿಮಗೆ ಎರಡು ನಿಮಿಷ ಇದೆ. ನಾನು ಅನುವಾದಿಸುತ್ತೇನೆ.”

ಭಾನುವಾರ

ಸಾಕ್ಷಿ ಎಂದರೆ ದೇವರು ನಮಗೆ ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದು. ನನ್ನ ಬಳಿ ಅಂಥದ್ದೇನೂ ಇರಲಿಲ್ಲ. ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ.

“ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಇರುವುದು ಒಬ್ಬರೇ ಚೀನೀ ಡಾಕ್ಟರು. ಅವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮೂರು ಬೋರ್ಡೂ ಅವರದೇ. ಇದನ್ನು ಸ್ಪಷ್ಟವಾಗಿ ತಿಳಿಸದೆ ಇದ್ದದ್ದು ನನ್ನ ತಪ್ಪು.”

ಒಂದೊಂದು ವಾಕ್ಯಕ್ಕೂ ನಿಂತೆ. ಮೇ ಲಿಂಗ್ ಒಂದೊಂದನ್ನೂ ಚೀನೀಗೆ ತಂದರು, ನಿಧಾನವಾಗಿ, ಶಾಲೆಯಲ್ಲಿ ಉಕ್ತಲೇಖನ ಹೇಳುವಂತೆ. ಅವರು ಹೊಸದಾಗಿ ಹೊಲಿಸಿದ ನೀಲಿ ಉಡುಪಿನಲ್ಲಿದ್ದರು. ಪಾಸ್ಟರು ಕಣ್ಣು ಮುಚ್ಚಿಕೊಂಡಿದ್ದರು. ಪ್ರಾರ್ಥನೆಯೋ ತಪ್ಪಿಸಿಕೊಳ್ಳುವಿಕೆಯೋ ಹೇಳಲಾರೆ.

ಲಿಮ್ ಎದ್ದರು. ಮೇ ಲಿಂಗ್ ಅವರನ್ನು ಒಂದು ಮಾತು ಕೇಳಿದರು. ಅವರು ಒಂದು ಮಾತಿನಲ್ಲಿ ಉತ್ತರಿಸಿದರು. ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದ್ದರಂತೆ, ನಿನ್ನೆಯಿಂದ ಎಂದು ಹೇಳಿದರಂತೆ. ಲಿಮ್ ಮುಂದಿನ ಸಾಲಿಗೆ ಬಂದು ಡಾಕ್ಟರ ತೋಳು ಹಿಡಿದು ಎಬ್ಬಿಸಿ ವೇದಿಕೆಯ ಮುಂದೆ ಮೊಣಕಾಲೂರಿಸಿದರು. ಕಾರ್ಯಕ್ರಮದ ಕಾಗದದಲ್ಲಿ ಹನ್ನೊಂದು ಗಂಟೆಗೆ ಸೇವೆಗೆ ಒಪ್ಪಿಸುವ ಪ್ರಾರ್ಥನೆ ಎಂದಿತ್ತು. ಆಗ ಹನ್ನೊಂದಾಗಿತ್ತು. ಆ ಜನ ಕಾರ್ಯಕ್ರಮದ ಕಾಗದ ಬಿಡುವವರಲ್ಲ. ಮೂರೂ ಊರಿಗೆ ಹೋಗುವವರು ಒಬ್ಬರಿದ್ದಾರೆ, ಅವರ ಮೇಲೇ ಕೈಯಿಡೋಣ ಎಂದರು ಲಿಮ್. ಹಿರಿಯರು ಬಂದು ಒಬ್ಬೊಬ್ಬರಾಗಿ ಡಾಕ್ಟರ ತಲೆ, ಹೆಗಲ ಮೇಲೆ ಕೈಯಿಟ್ಟರು. ಕೊನೆಗೆ ಮೇ ಲಿಂಗ್ ಬಂದು ಇಟ್ಟರು.

ಆ ಗುಂಪಿನ ನಡುವಿನಿಂದ ಡಾಕ್ಟರ ದನಿ ಕನ್ನಡದಲ್ಲಿ ಕೇಳಿಸಿತು. “ಏನ್ ಮಾಡಾಕತ್ತಾರ್ರಿ ಇವರು?”

“ನಿಮ್ಮನ್ನ ಹುಕ್ಕೇರಿಗಿ ಕಳಸಾಕತ್ತಾರ್ರಿ” ಎಂದೆ.

“ಅಲ್ಲಿಗಿ ನಾ ಹ್ಯಾಂಗೂ ಹೊಕ್ಕೇನಿ.”

ಆರಾಧನೆಯ ನಂತರ ಹಾಲಿಗೆ ಹೋಗಿ ಲಿಮ್ ತಮ್ಮ ಕೈಯಿಂದಲೇ ಮೂಡಲಗಿಯ ಪಿನ್ನು ತೆಗೆದರು, ಹುಕ್ಕೇರಿಯ ಪಿನ್ನು ತೆಗೆದರು. ಮೇ ಲಿಂಗ್ ಅಂಗೈ ಒಡ್ಡಿ ಇಸಿದುಕೊಂಡರು. ಗೋಕಾಕದ ಪಿನ್ನು ಬಿಟ್ಟರು. ಊಟದ ನಂತರ ಪ್ರಶ್ನೆಗಳ ಸಮಯ ಬಂತು. ಯಾರೂ ಪ್ರಶ್ನೆ ಕೇಳಲಿಲ್ಲ.

ಹೊರಡುವಾಗ ಮಾತ್ರ ಮೇ ಲಿಂಗ್ ಒಂದು ಕೇಳಿದರು, ನನ್ನನ್ನಲ್ಲ, ಡಾಕ್ಟರನ್ನು. ನಾನು ಅನುವಾದಿಸಿದೆ. “ನೀವು ಒಬ್ಬರೇ ಎಂದ ಮೇಲೆ, ನಿಮ್ಮ ಕೆಲಸ ಪೂರ್ತಿ ನೋಡಬೇಕಾದರೆ ಎಷ್ಟು ದಿನ ಬೇಕು?”

ಡಾಕ್ಟರು ಬೆರಳು ಮಡಚಿದರು. “ಗೋಕಾಕ ಒಂದಿನ, ಮೂಡಲಗಿ ಒಂದಿನ, ಹುಕ್ಕೇರಿ ಒಂದಿನ. ಮೂರು ದಿನ ಸಾಕವ್ವಾ. ಮನಿಯಾಗ ಇರಾಕ ಬಾ. ಕರದಂಟು ಮಾತ್ರ ತಿನಬ್ಯಾಡ.”

ಗೋಕಾಕ

ಬಂದ ವಾರವೇ ತಿದ್ದುಪಡಿ ಬರೆದುಕೊಟ್ಟೆ. ಮೂರು ವರ್ಷ ಹಳೆಯ ಲೇಖನಕ್ಕೆ ತಿದ್ದುಪಡಿಯೇ ಎಂದು ಸಂಪಾದಕರು ನಕ್ಕರು, ಆದರೂ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದರ ಫೋಟೊ ಮೇ ಲಿಂಗ್‌ಗೆ ಕಳಿಸಿದೆ. ಗಾಜಿನ ಚೌಕಟ್ಟಿನ ಕೆಳಗೆ ಅದನ್ನೂ ಅಂಟಿಸಿದ್ದಾರಂತೆ. ಅವರ ಶಾಲೆಯ ಜಾಗಕ್ಕೆ ಬೇರೆಯವರು ಬಂದಾಗಿದೆ. ಈಗ ರಜೆ ಹಾಕಿದವರ ಬದಲಿಗೆ ಹೋಗಿ ಪಾಠ ಮಾಡುತ್ತಿದ್ದಾರೆ. ಪಾಸ್ಟರಿಗೆ ಇದನ್ನೂ ಹೇಳಿದೆ. ಹೊಸ ವರ್ಷದ ಫಾರ್ಮು ಬಂದಾಗ ಅವರು ಚೀನೀ ಕುಟುಂಬದ ಕಾಲಮ್ಮಿನಲ್ಲಿ ಒಂದು ಎಂದು ಬರೆದು, ಕೆಳಗೆ ಗೆರೆ ಎಳೆದು, ನನಗೆ ತಂದು ತೋರಿಸಿದರು. ಅವರು ಯಾರಿಗಾದರೂ ಇಲ್ಲ ಎಂದದ್ದಕ್ಕೆ ಅತಿ ಹತ್ತಿರ ಬಂದದ್ದು ಅದೇ.

ಮೊನ್ನೆ ಮೇ ಲಿಂಗ್ ಬರೆದಿದ್ದಾರೆ. ಮೂರು ವರ್ಷಕ್ಕೆಂದು ಕಟ್ಟಿದ ಪೆಟ್ಟಿಗೆ ಬಿಚ್ಚಿ, ಶಾಲೆಯ ರಜೆಗೆ ಗೋಕಾಕಕ್ಕೆ ಬರಲು ಮೂರು ದಿನಕ್ಕೆ ಬೇಕಾಗುವಷ್ಟು ಬಟ್ಟೆ ತೆಗೆದಿಟ್ಟಿದ್ದಾರಂತೆ. ಡಾಕ್ಟರು ಹುಕ್ಕೇರಿಯ ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ.

ಈ ಸುದ್ದಿಯೂ ಬರಹದ ಬುಡದಲ್ಲೇ ಬಿದ್ದಿದೆ. ಜಾಗ ಸಾಲದಿದ್ದರೆ ಬಾತುಕೋಳಿಯನ್ನು ಕತ್ತರಿಸಿ, ಇದನ್ನು ಮುಟ್ಟಬೇಡಿ ಎಂದು ಉಪಸಂಪಾದಕರಿಗೆ ಫೋನು ಮಾಡಿ ಹೇಳಿದ್ದೇನೆ.